ಗೆಳತಿಯರ ಜೊತೆ ಮೊದಲ ಹಾಫ್ ಮ್ಯಾರಥಾನ್: ಯಾರ ವೇಗಕ್ಕೆ ಓಡಬೇಕು?

ಪ್ರಶ್ನೆ: ನನಗೆ 36 ವರ್ಷ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಓಡುತ್ತಿದ್ದೇನೆ. ನಿಲ್ಲದೆ 7 ಕಿ.ಮೀ. ಓಡಬಲ್ಲೆ, ಕಿಲೋಮೀಟರಿಗೆ ಎಂಟು ನಿಮಿಷದ ಆಸುಪಾಸು ಹಿಡಿಯುತ್ತದೆ. ಈಗಾಗಲೇ ಹಾಫ್ ಮ್ಯಾರಥಾನ್ ಓಡಿರುವ ಮೂವರು ಗೆಳತಿಯರು ಹುರಿದುಂಬಿಸಿ ನನ್ನ ಹೆಸರನ್ನೂ ನೋಂದಾಯಿಸಿಬಿಟ್ಟಿದ್ದಾರೆ. ಇನ್ನು 14 ವಾರ ಇದೆ. ಅವರದು ಆರೂವರೆ ನಿಮಿಷದ ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ಸಮಯ). "ನಿನ್ನ ಜೊತೆಗೇ ಓಡ್ತೀವಿ, ಹೆದರಬೇಡ" ಅಂತಾರೆ. ನನಗೋ, ಅವರಿಗೆ ಹೊರೆಯಾಗುತ್ತೇನೇನೋ ಎಂಬ ಅಳುಕು. ಅಭ್ಯಾಸವನ್ನು ಅವರ ಜೊತೆ ಮಾಡಲೇ, ಒಬ್ಬಳೇ ಮಾಡಲೇ? ಓಟದ ದಿನ ಒಟ್ಟಿಗೆ ಓಡುವುದು ಸರಿಯೇ? ಮಧ್ಯದಲ್ಲಿ ನನ್ನಿಂದ ಆಗದೇ ಹೋದರೆ?

ಉತ್ತರ: 14 ವಾರ ಸಾಕು. ವರ್ಷದಿಂದ ಬಿಡದೆ ಓಡುತ್ತಿರುವವರಿಗೆ, ಅದರಲ್ಲೂ 7 ಕಿ.ಮೀ. ಆಗಲೇ ಕಾಲಿಗೆ ದಕ್ಕಿರುವವರಿಗೆ, ಹಾಫ್ ಮ್ಯಾರಥಾನಿನ 21.1 ಕಿ.ಮೀ. ನಿಲುಕದ ದೂರವೇನಲ್ಲ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣು ನಿಂತದ್ದು ಒಂದೂವರೆ ನಿಮಿಷದ ಮೇಲೆ: ನಿಮ್ಮ ಎಂಟಕ್ಕೂ ಅವರ ಆರೂವರೆಗೂ ಇರುವ ವ್ಯತ್ಯಾಸ. ಮೊದಲ ಹಾಫ್ ಮ್ಯಾರಥಾನ್ ಕೆಡುವುದು ಹೆಚ್ಚಾಗಿ ಅಲ್ಲೇ. ಗೆಳತಿಯರಿಲ್ಲದಿದ್ದರೆ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದ ಅಭ್ಯಾಸವನ್ನು ಅವರು ಮುಗಿಸುವಂತೆ ಮಾಡುತ್ತಾರೆ, ಅದು ನಿಜ. ಆದರೆ ಅದೇ ಗೆಳತಿಯರು ಗೊತ್ತಿಲ್ಲದೆಯೇ ನಿಮ್ಮ ಪ್ರತಿ ಓಟವನ್ನೂ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಜೋರು ಮಾಡಿಬಿಡುತ್ತಾರೆ.

ಅದರಲ್ಲಿ ತಪ್ಪೇನು ಅಂತ ಕೇಳಬಹುದು. ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ, ರಕ್ತ, ಸ್ನಾಯು ಎಲ್ಲವೂ ಬದಲಾಗುತ್ತವೆ. ರಕ್ತದಲ್ಲಿ ದ್ರವದ ಪ್ರಮಾಣ ಏರುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಉಸಿರು ಹಗುರವಾಗುತ್ತದೆ. ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಮಾತ್ರ ತಿಂಗಳುಗಟ್ಟಲೆ ಸಮಯ ತೆಗೆದುಕೊಳ್ಳುತ್ತವೆ. ಹಾಗಾಗಿ ಆರನೆಯ, ಏಳನೆಯ ವಾರದ ಹೊತ್ತಿಗೆ "ಅರೆ, ನಾನೂ ಇವರ ಜೊತೆ ಓಡಬಲ್ಲೆ" ಅನ್ನಿಸುತ್ತದೆ. ಶ್ವಾಸ ಒಪ್ಪುತ್ತದೆ, ಹಿಮ್ಮಡಿ ಮೇಲಿನ ರಜ್ಜು ಇನ್ನೂ ಒಪ್ಪಿರುವುದಿಲ್ಲ. ಮೊದಲ ಸಲದವರು ಮುಂಗಾಲು ನೋವು, ಹಿಮ್ಮಡಿ ನೋವು ಅಂತ ನನ್ನ ಬಳಿ ಬರುವುದು ಬಹುತೇಕ ಈ ವಾರಗಳಲ್ಲೇ.

ಆದ್ದರಿಂದ ನಿಮ್ಮ ವಾರದ ಓಟಗಳಲ್ಲಿ ಹೆಚ್ಚಿನವು ಈಸಿ ರನ್ ಆಗಿರಲಿ. ಈಸಿ ಅಂದರೆ ಎಷ್ಟು? ವಾಚ್ ನೋಡಬೇಡಿ. ಮನೆಯಲ್ಲಿ ಆದ ಒಂದು ಜಗಳವನ್ನು ಪೂರ್ತಿ ವಾಕ್ಯಗಳಲ್ಲಿ, ಉಸಿರಿಗಾಗಿ ತಡೆಯದೆ ಹೇಳಲು ಆಗಬೇಕು. ಎರಡು ಮೂರು ಪದಕ್ಕೊಮ್ಮೆ ನಿಲ್ಲುತ್ತಿದ್ದರೆ ಅದು ಈಸಿ ಅಲ್ಲ. ಪಕ್ಕದಲ್ಲಿ ಗೆಳತಿ ಇರುವುದರ ದೊಡ್ಡ ಲಾಭ ಇಲ್ಲಿದೆ, ಮಾತಿನ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಅವಳು ಹೇಳುತ್ತಾ ಹೋಗುತ್ತಾಳೆ, ನೀವು "ಹೂಂ" "ಹೌದಾ" ಅಷ್ಟೇ ಅನ್ನುತ್ತಿದ್ದೀರಿ ಅಂದರೆ ಅವಳ ಈಸಿ ನಿಮ್ಮ ಈಸಿ ಅಲ್ಲ ಅಂತ ಅರ್ಥ. ಅಲ್ಲೇ, ಆ ಕ್ಷಣವೇ, "ಸ್ವಲ್ಪ ನಿಧಾನ" ಅನ್ನಬೇಕು. ನಾಚಿಕೆ ಬೇಡ.

ಹೊರೆಯ ವಿಷಯಕ್ಕೆ ಬರೋಣ. 1920ರ ದಶಕದಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞ ಒಟ್ಟೊ ಕೋಹ್ಲರ್ ದೋಣಿ ಹುಟ್ಟುಹಾಕುವ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದರು. ಜೊತೆಯಾಗಿ ಎತ್ತುವಾಗ ತಂಡದಲ್ಲಿ ದುರ್ಬಲರಾದವರು ಒಬ್ಬರೇ ಇದ್ದಾಗ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ತಡೆದುಕೊಂಡರು. ಆದರೆ ಇದು ಚೆನ್ನಾಗಿ ಕಂಡದ್ದು ಇಬ್ಬರ ಬಲದಲ್ಲಿ ಮಧ್ಯಮ ಅಂತರವಿದ್ದಾಗ. ಅಂತರ ತೀರಾ ದೊಡ್ಡದಾದರೆ ಆ ಹುಮ್ಮಸ್ಸು ಇಳಿದುಹೋಗುತ್ತದೆ. 2009ರ ಆಸುಪಾಸಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ದೋಣಿ ತಂಡವನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಸಿಕ್ಕಿತು: ಅದೇ ಶ್ರಮವನ್ನು ಒಬ್ಬೊಬ್ಬರೇ ಪಟ್ಟಾಗಿನದಕ್ಕಿಂತ ಲಯ ಕೂಡಿಸಿ ಒಟ್ಟಿಗೆ ಪಟ್ಟಾಗ ಅವರ ನೋವು ತಡೆಯುವ ಶಕ್ತಿ ಹೆಚ್ಚಿತ್ತು. ನಿಮ್ಮ ಮಟ್ಟಿಗೆ ಇವೆರಡರಿಂದ ನಾನು ತೆಗೆಯುವ ಅರ್ಥ ಇಷ್ಟೇ. ಜೊತೆ ಇರಲಿ, ಆದರೆ ಮೂವರಲ್ಲಿ ವೇಗ ನಿಮಗೆ ಹತ್ತಿರ ಇರುವವರು, ಇಲ್ಲವೇ ನಿಧಾನ ಓಡಲು ಬೇಸರಪಡದವರು ನಿಮ್ಮ ಮುಖ್ಯ ಜೊತೆಗಾತಿಯಾಗಲಿ. ಅತಿ ವೇಗದವಳು ಸಾಮಾನ್ಯವಾಗಿ ಅತಿ ಉತ್ಸಾಹದವಳೂ ಆಗಿರುತ್ತಾಳೆ. ಅವಳನ್ನು ಫಿನಿಶ್ ಹತ್ತಿರ ಕೂಗಲು ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಅವರಿಗೂ ಓದಿಸಿ. ಆರೂವರೆ ನಿಮಿಷದ ಪೇಸ್‌ನಲ್ಲಿ ಹಾಫ್ ಓಡುವವರು ವಾರದಲ್ಲಿ ಒಂದೆರಡು ದಿನ ಏಳೂವರೆ, ಎಂಟು ನಿಮಿಷಕ್ಕೆ ಇಳಿಯುವುದರಿಂದ ಅವರಿಗೇನೂ ನಷ್ಟವಿಲ್ಲ. ಬಹಳಷ್ಟು ಹವ್ಯಾಸಿ ಓಟಗಾರರ ಕಾಯಿಲೆಯೇ ಈಸಿ ದಿನವನ್ನೂ ಅರೆಜೋರಾಗಿ ಓಡುವುದು. ನಿಮ್ಮ ಜೊತೆ ಓಡಿದ ದಿನ ಅವರ ಕಾಲಿಗೂ ವಿಶ್ರಾಂತಿ.

ಭಾನುವಾರದ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟವನ್ನು ಒಟ್ಟಿಗೆ ಮಾಡಲು ಒಂದು ಉಪಾಯ ಇದೆ, ನಾನು ನೋಡಿದವುಗಳಲ್ಲಿ ಇದೇ ಒಳ್ಳೆಯದು. ಎಲ್ಲರೂ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಹೊರಡಿ. ಅವರವರ ಈಸಿ ವೇಗದಲ್ಲಿ 45 ನಿಮಿಷ ಹೋಗಿ. ಗಡಿಯಾರ 45 ತೋರಿಸಿದ ತಕ್ಷಣ ಯಾರು ಎಲ್ಲಿದ್ದಾರೋ ಅಲ್ಲೇ ತಿರುಗಿ ವಾಪಸ್ ಬನ್ನಿ. ಮುಂದೆ ಹೋದವರು ಹೆಚ್ಚು ದೂರದಿಂದ ತಿರುಗಿರುತ್ತಾರೆ, ನೀವು ಕಡಿಮೆ ದೂರದಿಂದ. ಪ್ರತಿಯೊಬ್ಬರೂ ಹೋಗುವಾಗಿನ ತಮ್ಮ ವೇಗವನ್ನೇ ಬರುವಾಗಲೂ ಕಾಯ್ದುಕೊಂಡರೆ ತೊಂಬತ್ತನೆಯ ನಿಮಿಷಕ್ಕೆ ಎಲ್ಲರೂ ಹೊರಟ ಜಾಗದಲ್ಲೇ ಸೇರುತ್ತೀರಿ. ಯಾರೂ ಯಾರಿಗೂ ಕಾಯಬೇಕಿಲ್ಲ. ಇದರಲ್ಲಿ ಒಂದು ಪಾಠವೂ ಅಡಗಿದೆ: ಹೋಗುವಾಗ ಜೋರು ಮಾಡಿದವಳು ಬರುವಾಗ ತಡವಾಗುತ್ತಾಳೆ, ಅದು ಎಲ್ಲರಿಗೂ ಕಾಣುತ್ತದೆ. ಇದು ಬೇಡವೆಂದರೆ, ಅವರು ಮೊದಲೇ ಬಂದು ತಮ್ಮ ಜೋರಿನ ಓಟ ಮುಗಿಸಿಕೊಂಡು, ನಿಮ್ಮ ಕೊನೆಯ ಐದಾರು ಕಿ.ಮೀ.ಗೆ ಜೊತೆಯಾಗಲಿ. ಜೊತೆ ನಿಜವಾಗಿ ಬೇಕಾಗುವುದು ಆಗಲೇ.

ದೂರ ಏರಿಸುವ ಬಗೆ ಹೇಳುತ್ತೇನೆ. ವಾರಕ್ಕೆ ಮೂರು ಓಟ ಇದ್ದದ್ದು ಮೂರೇ ಇರಲಿ, ತೀರಾ ಹುರುಪಿದ್ದರೆ ನಾಲ್ಕು. ಎರಡು ಸಣ್ಣವು, 5ರಿಂದ 7 ಕಿ.ಮೀ. ಮೂರನೆಯದು ಲಾಂಗ್ ರನ್: ಮೊದಲ ಮೂರು ವಾರ 8, 9, 10. ನಾಲ್ಕನೆಯ ವಾರ 8ಕ್ಕೆ ಇಳಿಸಿ. ಆಮೇಲೆ 11, 12, 14, ಮತ್ತೆ ಇಳಿಸಿ 10. ಒಂಬತ್ತು ಮತ್ತು ಹತ್ತನೆಯ ವಾರ 15, 16. ಹನ್ನೊಂದರಲ್ಲಿ 12. ಹನ್ನೆರಡನೆಯ ವಾರ 18, ಅದೇ ಅತಿ ಉದ್ದದ್ದು. ಹದಿಮೂರರಲ್ಲಿ 10, ಹದಿನಾಲ್ಕನೆಯದು ಓಟದ ವಾರ. "ಅಭ್ಯಾಸದಲ್ಲಿ 21 ಓಡದೆ ಆ ದಿನ ಹೇಗೆ ಓಡೋದು?" ಅನ್ನುವುದು ಎಲ್ಲರ ಪ್ರಶ್ನೆ. 18 ಕಿ.ಮೀ. ನಿಮ್ಮ ವೇಗಕ್ಕೆ ಎರಡೂವರೆ ಗಂಟೆಯ ಕೆಲಸ. ಇನ್ನೂ ಮೂರು ಕಿ.ಮೀ. ಸೇರಿಸಿದರೆ ಲಾಭ ಅಲ್ಪ, ಚೇತರಿಸಿಕೊಳ್ಳಲು ಬೇಕಾಗುವ ದಿನಗಳು ಹೆಚ್ಚು. ಗೆಳತಿಯರು "ನಾವು 21 ಓಡಿಯೇ ಹೋಗಿದ್ದೆವು" ಅಂದರೆ ನಕ್ಕು ಬಿಡಿ.

ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಸೂತ್ರವನ್ನು ನೀವು ಕೇಳಿಯೇ ಇರುತ್ತೀರಿ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸೂತ್ರದಂತೆ ನಿಧಾನವಾಗಿ ಏರಿಸಿದವರಿಗೂ ಬೇಗ ಏರಿಸಿದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಮನಸ್ಸಿಗೆ ಬಂದಷ್ಟು ಏರಿಸಿ ಎಂದಲ್ಲ. ಲೆಕ್ಕ ಹಾಕುತ್ತಾ ಕೂರುವ ಬದಲು ಎರಡು ಮೂರು ವಾರ ಏರಿಸಿದ ಮೇಲೆ ಬರುವ ಇಳಿಸುವ ವಾರವನ್ನು ತಪ್ಪಿಸಬೇಡಿ. ಗುಂಪಿನಲ್ಲಿ ಮೊದಲು ಮಾಯವಾಗುವುದು ಅದೇ ವಾರ, ಯಾಕೆಂದರೆ ಎಲ್ಲರೂ ಏರುತ್ತಿರುವಾಗ ಇಳಿಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಇದರ ಜೊತೆ ವಾರಕ್ಕೆರಡು ದಿನ ಇಪ್ಪತ್ತು ನಿಮಿಷ ಬಲದ ವ್ಯಾಯಾಮ ಮಾಡಿ: ಸ್ಕ್ವಾಟ್ (ಕುಕ್ಕರಿಸಿ ಏಳುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಏಳುವುದು), ಮತ್ತು ಒಂಟಿ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತುವುದು. ಮೂರನೆಯದನ್ನು ಬಿಡಲೇಬೇಡಿ. ಓಡುವಾಗ ಮೀನಖಂಡ ಪ್ರತಿ ಹೆಜ್ಜೆಗೂ ದೇಹದ ತೂಕದ ಹಲವು ಪಟ್ಟು ಭಾರ ತಡೆಯುತ್ತದೆ.

ಈಗ ಓಡಿ-ನಡೆಯುವ ಕ್ರಮ. 1972ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದಲ್ಲಿದ್ದ ಜೆಫ್ ಗ್ಯಾಲೊವೇ ಇದನ್ನು ಜನಪ್ರಿಯಗೊಳಿಸಿದರು. ನಡೆದರೆ ಸೋತಂತೆ ಅಂತ ಭಾವಿಸುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ನಾಲ್ಕು ನಿಮಿಷ 7:15ರ ಪೇಸ್‌ನಲ್ಲಿ ಓಡಿ, ಒಂದು ನಿಮಿಷ 11 ನಿಮಿಷದ ಪೇಸ್‌ನಲ್ಲಿ ಚುರುಕಾಗಿ ನಡೆಯಿರಿ. ಐದು ನಿಮಿಷಕ್ಕೆ ಸುಮಾರು 640 ಮೀಟರ್ ಆಗುತ್ತದೆ, ಸರಾಸರಿ ಕಿಲೋಮೀಟರಿಗೆ 7 ನಿಮಿಷ 47 ಸೆಕೆಂಡ್. ನೀವು ನಿಲ್ಲದೆ ಓಡುವ ಎಂಟು ನಿಮಿಷಕ್ಕಿಂತ ಇದು ತುಸು ವೇಗವೇ! ಆದರೆ ಮೊದಲ ಕಿಲೋಮೀಟರಿನಿಂದಲೇ ನಡೆಯಬೇಕು. ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗದಿರಲಿ ಅಂತ ನಡೆಯುವುದು ಬೇರೆ. ಎರಡು ಮೂರು ಲಾಂಗ್ ರನ್‌ಗಳಲ್ಲಿ ಪ್ರಯತ್ನಿಸಿ. ಒಗ್ಗಿದರೆ ಇಟ್ಟುಕೊಳ್ಳಿ, ಲಯ ಕೆಟ್ಟಂತೆ ಅನ್ನಿಸಿದರೆ ಬಿಡಿ.

ನೋವಿನ ಬಗ್ಗೆ ಗೆಳತಿಯರ ಮಾತು ಕೇಳಬೇಡಿ. ಪ್ರೀತಿಯಿಂದಲೇ ಹೇಳುತ್ತಾರೆ, "ನನಗೂ ಹೀಗೇ ಆಗಿತ್ತು, ಓಡ್ತಾ ಓಡ್ತಾ ಹೋಯ್ತು" ಅಂತ. ಸ್ನಾಯುವಿನ ಬಿಗಿತ ಓಡುತ್ತಾ ಹೋಗುವುದುಂಟು. ಹತ್ತರಲ್ಲಿ ಮೂರರೊಳಗಿನ ನೋವು, ಹೆಜ್ಜೆಯ ರೀತಿ ಬದಲಾಗಿಲ್ಲ, ಮರುದಿನಕ್ಕೆ ತಗ್ಗಿದೆ ಅಂದರೆ ಮುಂದುವರಿಸಬಹುದು. ಆದರೆ ಮೂಳೆಯ ಮೇಲೆ ಒಂದೇ ಬೆರಳಿನಿಂದ "ಇಲ್ಲೇ" ಅಂತ ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು ಮೂಳೆ ಬಿರುಕಿನ ಸೂಚನೆ ಇರಬಹುದು. ಓಟ ನಿಲ್ಲಿಸಿ ವೈದ್ಯರನ್ನು ಕಾಣಿ. ಓಡುವಾಗ ಎದೆ ನೋವು, ತಲೆ ಸುತ್ತಿ ಬೀಳುವಂತಾಗುವುದು, ಮನೆಯವರಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಹೃದಯ ಸಂಬಂಧಿ ಸಾವು, ಇವುಗಳಲ್ಲಿ ಯಾವುದಿದ್ದರೂ ಅಭ್ಯಾಸ ಏರಿಸುವ ಮುನ್ನವೇ ತಪಾಸಣೆ ಆಗಲಿ.

ಆಹಾರ, ನೀರು. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಒಂದೂವರೆ ಎರಡು ಗಂಟೆಯ ಗಟ್ಟಿ ಓಟಕ್ಕೆ ಬರುತ್ತದೆ. ನೀವು ಎರಡೂವರೆ ಗಂಟೆ ಮೀರಿ ರಸ್ತೆಯ ಮೇಲಿರುತ್ತೀರಿ, ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಜೆಲ್‌ನಲ್ಲಿ (ಓಡುತ್ತಲೇ ನುಂಗುವ ಸಿಹಿ ಪಾಕದ ಪೊಟ್ಟಣ) ಸಾಮಾನ್ಯವಾಗಿ 20ರಿಂದ 30 ಗ್ರಾಂ ಇರುತ್ತದೆ. ಹಸಿವಾಗುವ ತನಕ ಕಾಯದೆ ನಲವತ್ತು ನಿಮಿಷಕ್ಕೆ ಮೊದಲನೆಯದು ತೆಗೆದುಕೊಳ್ಳಿ. ಯಾವ ಜೆಲ್ ಎಂಬುದು ಲಾಂಗ್ ರನ್‌ನಲ್ಲೇ ತೀರ್ಮಾನವಾಗಬೇಕು, ಗೆಳತಿಯ ಹೊಟ್ಟೆಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ. ನೀರು ಬಾಯಾರಿದಷ್ಟು ಕುಡಿಯಿರಿ. ದಾರಿಯಲ್ಲಿ ನೀರು ಇಟ್ಟಿರುವ ಪ್ರತಿ ಟೇಬಲ್ಲಿನಲ್ಲೂ ನಿಂತು ಎರಡು ಮೂರು ಲೋಟ ಸುರಿದುಕೊಂಡರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದು ವೇಗದವರಿಗಿಂತ ಹೆಚ್ಚು ಹೊತ್ತು ರಸ್ತೆಯಲ್ಲಿದ್ದು ಕುಡಿಯುತ್ತಲೇ ಇರುವವರಿಗೆ ಬರುವ ತೊಂದರೆ. ಓಟಕ್ಕೆ ಮುಂಚೆ ಯಾರಾದರೂ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೊಟ್ಟರೆ ಬೇಡ ಅನ್ನಿ, ಆ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ಅದು ಹೆಚ್ಚಿನ ಭಾರ. ತೊಡೆ ಸಂದಿಗೆ, ತೋಳಿನಡಿಗೆ, ಬ್ರಾ ಪಟ್ಟಿ ಉಜ್ಜುವ ಕಡೆ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದನ್ನು ಮರೆತವರು ಸ್ನಾನಕ್ಕೆ ನಿಂತಾಗ ನೆನೆಸಿಕೊಳ್ಳುತ್ತಾರೆ.

ಕೊನೆಯ ಎರಡು ವಾರ ದೂರವನ್ನು ಮೊದಲಿನ ಅರ್ಧದಷ್ಟಕ್ಕೆ ಇಳಿಸಿ, ಓಡುವ ದಿನಗಳನ್ನು ಹಾಗೇ ಇಡಿ. ಇದಕ್ಕೆ ಟೇಪರ್ ಅಂತಾರೆ. ಕಾಲು ಭಾರ, ಇಲ್ಲದ ಮಂಡಿ ನೋವು, ಏನೋ ಕಳೆದುಕೊಂಡ ಹಾಗೆ ಅನ್ನಿಸುವುದು ಎಲ್ಲ ಬರುತ್ತದೆ, ಹೋಗುತ್ತದೆ. ಗುಂಪಿನಲ್ಲಿ ಒಬ್ಬರಾದರೂ "ಒಂದು ಕೊನೆಯ ಲಾಂಗ್ ರನ್" ಅಂತ ಕರೆಯುತ್ತಾರೆ. ಹೋಗಬೇಡಿ.

ಓಟದ ದಿನ ಒಟ್ಟಿಗೆ ಓಡುವುದೇ? ಓಡಿ, ಆದರೆ ಮೂವರ ಜೊತೆಯೂ ಅಲ್ಲ. ಒಬ್ಬರನ್ನು ಕೇಳಿ: "ನಿನ್ನ ಟೈಮ್ ಬಿಟ್ಟು ನನ್ನ ಪಕ್ಕ ಪೂರ್ತಿ ಓಡ್ತೀಯಾ?" ಅವರು ಯೋಚಿಸಿ ಹೂಂ ಅಂದರೆ ಸರಿ. ಉಳಿದಿಬ್ಬರು ತಮ್ಮ ಓಟ ಓಡಲಿ. ನಾಲ್ವರೂ ಒಟ್ಟಿಗಿದ್ದರೆ ರಸ್ತೆಗೆ ಅಡ್ಡಲಾಗಿ ಹರಡಿಕೊಂಡು ಹಿಂದಿನವರಿಗೆ ದಾರಿ ಕಟ್ಟುತ್ತೀರಿ, ಒಬ್ಬರ ಶೌಚಕ್ಕೆ ನಾಲ್ವರೂ ನಿಲ್ಲುತ್ತೀರಿ. ಇಬ್ಬರ ಒಪ್ಪಂದ ಸುಲಭ.

ಆ ಜೊತೆಗಾತಿಗೆ ಒಂದೇ ಸೂಚನೆ: ನಿಮ್ಮ ಭುಜಕ್ಕೆ ಭುಜವಾಗಿ ಅಥವಾ ಅರ್ಧ ಹೆಜ್ಜೆ ಹಿಂದೆ ಇರಬೇಕು, ಎಂದೂ ಅರ್ಧ ಹೆಜ್ಜೆ ಮುಂದೆ ಅಲ್ಲ. ಮುಂದೆ ಇದ್ದರೆ ನೀವು ಅವಳನ್ನು ಹಿಡಿಯಲು ನೋಡುತ್ತೀರಿ, ನೀವು ಹತ್ತಿರ ಬಂದಂತೆ ಅವಳೂ ಸರಿಯುತ್ತಾಳೆ. ಇಬ್ಬರಿಗೂ ಗೊತ್ತಾಗದೆ ಕಿಲೋಮೀಟರಿಗೆ ಹದಿನೈದು ಸೆಕೆಂಡಿನಷ್ಟು ವೇಗ ಏರಿರುತ್ತದೆ. 2019ರಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಓಡಿದಾಗ 41 ಪೇಸರ್‌ಗಳು (ವೇಗ ಕಾಯ್ದುಕೊಡಲು ಜೊತೆ ಓಡುವವರು) ಸರದಿಯಂತೆ ಅವರ ಸುತ್ತ ಓಡಿದರು. ಗಾಳಿ ತಡೆಯಲು ಮುಂದೆಯೂ ಇದ್ದರು, ನಿಜ, ಆದರೆ ಅವರ ಮುಂದೆ ಸಾಗುತ್ತಿದ್ದ ಕಾರು ನೆಲದ ಮೇಲೆ ಲೇಸರ್ ಗೆರೆ ಹಾಕಿ ಪೇಸ್ ತೋರಿಸುತ್ತಿತ್ತು. ನಿಮ್ಮ ಗೆಳತಿಗೆ ಆ ಗೆರೆ ಇಲ್ಲ, ನಿಮ್ಮ ಉಸಿರೇ ಗೆರೆ.

ಮೊದಲ ಐದು ಕಿ.ಮೀ. 8:00ರಿಂದ 8:10ರೊಳಗೆ ತಡೆದು ಓಡಿ. ತಡೆಯುವುದು ಕಷ್ಟ, ಕಾಲು ಹಗುರವಾಗಿರುತ್ತದೆ, ಎಲ್ಲರೂ ದಾಟಿ ಹೋಗುತ್ತಿರುತ್ತಾರೆ. ಮೊದಲ ಮೂರು ಕಿ.ಮೀ.ಯನ್ನು 7:00ರಲ್ಲಿ ಓಡಿದರೆ ಉಳಿಯುವುದು ಮೂರು ನಿಮಿಷ. ಅದರ ಫಲವಾಗಿ ಕೊನೆಯ ಐದನ್ನು 11 ನಿಮಿಷದಂತೆ ನಡೆದರೆ ಹೋಗುವುದು ಹದಿನೈದು. 6ರಿಂದ 15ರವರೆಗೆ ಸುಮ್ಮನೆ 8:00. ಆಮೇಲೆ ಉಳಿದಿದ್ದರೆ ಖರ್ಚು ಮಾಡಿ. ಹೀಗೆ ಹೋದರೆ 2 ಗಂಟೆ 50 ನಿಮಿಷದ ಆಜುಬಾಜಿನಲ್ಲಿ ಮುಗಿಯುತ್ತದೆ. ನಿಮ್ಮ ಓಟದ ಕಟ್-ಆಫ್ ಸಮಯ, ಅಂದರೆ ಮುಗಿಸಲು ಕೊಡುವ ಗರಿಷ್ಠ ಸಮಯ, ಎಷ್ಟೆಂದು ಈಗಲೇ ನೋಡಿಟ್ಟುಕೊಳ್ಳಿ. ಸುಳ್ಳು ಫಿನಿಶ್ ಒಂದಿದೆ, ಅದಕ್ಕೂ ತಯಾರಿರಿ: ವಾಚ್ 21.1 ತೋರಿಸಿದಾಗ ಫಿನಿಶ್ ಕಮಾನು ಇನ್ನೂ ಇನ್ನೂರು ಮುನ್ನೂರು ಮೀಟರ್ ದೂರದಲ್ಲಿರಬಹುದು. ಪ್ರಮಾಣೀಕೃತ ಮಾರ್ಗವನ್ನು ತಿರುವುಗಳ ಒಳಬದಿಯ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ನೀವು ಜನರನ್ನು ಬಳಸಿಕೊಂಡು, ತಿರುವಿನಲ್ಲಿ ಅಗಲವಾಗಿ ಓಡಿರುತ್ತೀರಿ, ಜಿಪಿಎಸ್ ಕೂಡ ಅಷ್ಟಿಷ್ಟು ತಪ್ಪುತ್ತದೆ.

16ರ ನಂತರ ಜೊತೆಗಾತಿ ಏನು ಹೇಳಬೇಕು ಎಂಬುದನ್ನೂ ಮಾತಾಡಿಕೊಳ್ಳಿ. "ಇನ್ನೇನು ಬಂದೇಬಿಡ್ತು" ಅಂತ 17ರಲ್ಲಿ ಅಂದರೆ ಸಿಟ್ಟು ಬರುತ್ತದೆ, ಇನ್ನೂ ಅರ್ಧ ಗಂಟೆ ಇರುತ್ತದಲ್ಲ. "ಆ ಮರದ ತನಕ, ಆಮೇಲೆ ನೋಡೋಣ" ಅನ್ನಲಿ. ಪ್ರಶ್ನೆ ಕೇಳಬಾರದು. ಆ ಹೊತ್ತಿಗೆ ಉತ್ತರಿಸಲು ಶಕ್ತಿ ಇರುವುದಿಲ್ಲ. ಕೆಲವರಿಗೆ ಮೌನವೇ ಇಷ್ಟ, ನೀವು ಯಾವ ಬಗೆ ಎಂಬುದು 16 ಮತ್ತು 18ರ ಲಾಂಗ್ ರನ್‌ಗಳಲ್ಲಿ ಗೊತ್ತಾಗುತ್ತದೆ.

ಹೆಸರು ನೋಂದಾಯಿಸದ ಇನ್ನೊಬ್ಬ ಗೆಳತಿ "ಕೊನೆಗೆ ಬಂದು ಸೇರ್ಕೊಳ್ತೀನಿ" ಅಂದರೆ ಒಪ್ಪಬೇಡಿ, ಬಿಬ್ (ಎದೆಗೆ ಸಿಕ್ಕಿಸುವ ಓಟಗಾರರ ಸಂಖ್ಯೆಯ ಚೀಟಿ) ಇಲ್ಲದೆ ಮಾರ್ಗಕ್ಕಿಳಿಯುವುದಕ್ಕೆ ಬಹುತೇಕ ಓಟಗಳ ನಿಯಮದಲ್ಲಿ ಅವಕಾಶವಿಲ್ಲ. ಒಬ್ಬರ ಬಿಬ್ ಇನ್ನೊಬ್ಬರು ಹಾಕಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಬಿದ್ದರೆ ವೈದ್ಯಕೀಯ ತಂಡ ನೋಡುವುದು ಆ ಸಂಖ್ಯೆಯ ವಿವರವನ್ನೇ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮಧ್ಯದಲ್ಲಿ ಆಗದೇ ಹೋದರೆ ಏನು ಎಂಬುದನ್ನು ಹಿಂದಿನ ದಿನವೇ ಜೊತೆಗಾತಿಯ ಹತ್ತಿರ ಮಾತಾಡಿ ಮುಗಿಸಿ. ಬರೀ ಸುಸ್ತಾದರೆ ಇಬ್ಬರೂ ನಡೆಯಿರಿ, ಅವಳು ಮುಂಚೆಯೇ ಒಪ್ಪಿದ್ದಾಳೆ, ಕ್ಷಮೆ ಕೇಳುತ್ತಾ ಉಸಿರು ಹಾಳು ಮಾಡಬೇಡಿ. ಕಾಲು ಉಳುಕಿ ಅಥವಾ ಮೀನಖಂಡ ಹಿಡಿದು ಮುಂದುವರಿಯಲು ಆಗದಿದ್ದರೆ, ಅವಳು ನಿಮ್ಮನ್ನು ಹತ್ತಿರದ ನೆರವಿನ ಟೇಬಲ್‌ವರೆಗೆ ಕರೆತಂದು, ಸ್ವಯಂಸೇವಕರಿಗೆ ಒಪ್ಪಿಸಿ, ತನ್ನ ಓಟ ಮುಗಿಸಲಿ. ಎದೆ ನೋವು, ಮಾತು ತೊದಲುವುದು, ಬಿಸಿಲಲ್ಲೂ ಚಳಿ ನಡುಕ ಅಥವಾ ಗೊಂದಲ ಕಂಡರೆ ಅವಳು ಎಲ್ಲಿಗೂ ಹೋಗದೆ ವೈದ್ಯಕೀಯ ನೆರವು ಬರುವ ತನಕ ನಿಮ್ಮ ಜೊತೆಗೇ ಇರಬೇಕು, ನೀವು "ಪರವಾಗಿಲ್ಲ ಹೋಗು" ಅಂದರೂ. ಬಿಬ್‌ನ ಹಿಂಬದಿಯಲ್ಲಿ ಮನೆಯವರ ಫೋನ್ ನಂಬರ್, ಅಲರ್ಜಿ, ತೆಗೆದುಕೊಳ್ಳುವ ಔಷಧಿ ಬರೆಯಲು ಸಾಮಾನ್ಯವಾಗಿ ಜಾಗ ಇರುತ್ತದೆ. ನಾಲ್ವರೂ ಕೂತು ಅದನ್ನು ಹಿಂದಿನ ಸಂಜೆಯೇ ತುಂಬಿ.